ಕುಳಗೇರಿ ಕ್ರಾಸು: ನೆಲವೇ ಹೇಳುವ ಪಾಠ

ಹುಬ್ಬಳ್ಳಿಯಿಂದ ವಿಜಯಪುರದತ್ತ ಹೊರಟ ಹೆದ್ದಾರಿಯು ನವಲಗುಂದ, ನರಗುಂದಗಳನ್ನು ದಾಟಿ, ಕೊಣ್ಣೂರಿನ ಬಳಿ ಮಲಪ್ರಭೆಯನ್ನು ಹಾಯ್ದು, ಬಾದಾಮಿ ತಾಲೂಕನ್ನು ಹೊಕ್ಕ ಮೇಲೆ ಕುಳಗೇರಿ ಕ್ರಾಸು ಸಿಗುತ್ತದೆ. ಬಾದಾಮಿಗೆ ಹೋಗುವವರು ಇಲ್ಲಿ ಬಲಕ್ಕೆ ಹೊರಳುತ್ತಾರೆ; ಕೆರೂರಿನ ಮೇಲೆ ಬಾಗಲಕೋಟೆಯ ಕಡೆಗೆ ಹೋಗುವವರು ನೇರ ಸಾಗುತ್ತಾರೆ. ಬನಶಂಕರಿಯ ಜಾತ್ರೆಗೆ, ಶಿವಯೋಗಮಂದಿರಕ್ಕೆ, ಕೂಡಲಸಂಗಮಕ್ಕೆ ಹೋಗಿಬರುವ ನಮ್ಮ ಮನೆತನಗಳಲ್ಲಿ ಈ ಹೆಸರನ್ನು ಕೇಳದವರು ವಿರಳ. ಆದರೆ ಬಸ್ಸು ನಿಂತಷ್ಟು ಹೊತ್ತು ಚಹಾ ಕುಡಿದು, ಒಂದು ಪ್ಲೇಟು ಮಿರ್ಚಿ ತಿಂದು ಮುಂದೆ ಹೋಗುವುದೇ ರೂಢಿ. ಕುಳಗೇರಿ ಕ್ರಾಸನ್ನು ನೋಡಬೇಕೆಂದು ಯಾರೂ ಬರುವುದಿಲ್ಲ.

ನಾವು ಅಲ್ಲಿ ಇಳಿದು ಒಂದು ದಿನವೆಲ್ಲ ಸುತ್ತಾಡಲು ಎರಡು ಕಾರಣಗಳಿದ್ದವು. ಕ್ರಾಸಿನ ಸಮೀಪದ ಹಳ್ಳಿಯೊಂದರಲ್ಲಿ ಹಿರಿಯರಿಂದ ಬಂದ ಜಾಗದ ಮೇಲೆ ನಮ್ಮ ಅಣ್ಣನವರು ಮನೆ ಕಟ್ಟಿಸಲು ಹೊರಟಿದ್ದರು. ಆ ಜಾಗವನ್ನು ನೋಡಬೇಕಾಗಿತ್ತು. ಅವರ ಮಗಳು ಸಿವಿಲ್ ಎಂಜಿನಿಯರಿಂಗಿನ ಮೂರನೆಯ ವರ್ಷದಲ್ಲಿ ಓದುತ್ತಿದ್ದಾಳೆ. ತಮ್ಮ ಊರಿನ ಸುತ್ತಲಿನ ನೆಲ, ನೀರು, ಕಟ್ಟಡಗಳನ್ನು ಕಂಡು ‘ಸುಸ್ಥಿರತೆ’ಯ ಮೇಲೊಂದು ವರದಿ ಬರೆಯಬೇಕೆಂದು ಅವಳಿಗೆ ಕಾಲೇಜಿನಲ್ಲಿ ಹೇಳಿದ್ದರು. ಅವಳು ಒಂದು ನೋಟುಬುಕ್ಕು, ಅಳತೆಯ ಟೇಪು ಹಿಡಿದು ನಮ್ಮ ಜೊತೆಗೆ ಹೊರಟಳು.

ಸುಸ್ಥಿರತೆಯೆಂಬ ಮಾತು ಈಗ ಎಲ್ಲೆಲ್ಲೂ ಕೇಳಿಬರುತ್ತಿದೆ. ಅರ್ಥ ಮಾತ್ರ ನಮ್ಮ ಒಕ್ಕಲುಮನೆಗಳಿಗೆ ಹೊಸದಲ್ಲ. ಎಂಥ ಬರಗಾಲದಲ್ಲಿಯೂ ಬಿತ್ತನೆಗೆಂದು ಎತ್ತಿಟ್ಟ ಜೋಳವನ್ನು ಬೀಸಿ ರೊಟ್ಟಿ ಮಾಡಬಾರದೆಂಬ ಕಟ್ಟು ನಮ್ಮ ಅಜ್ಜಿಯಂದಿರಲ್ಲಿತ್ತು. ಇಂದಿನ ಹಸಿವಿಗಾಗಿ ಮುಂದಿನ ವರ್ಷದ ಬೆಳೆಯನ್ನು ತಿನ್ನಬಾರದು. ಇಷ್ಟೇ ಅದರ ತಿರುಳು. 1987ರಲ್ಲಿ ನಾರ್ವೆ ದೇಶದ ಗ್ರೋ ಹಾರ್ಲೆಮ್ ಬ್ರುಂಟ್‌ಲಾಂಡ್ ಅವರ ಅಧ್ಯಕ್ಷತೆಯ ವಿಶ್ವಸಂಸ್ಥೆಯ ಆಯೋಗವು, ಮುಂದಿನ ಪೀಳಿಗೆಯ ಅಗತ್ಯಗಳಿಗೆ ಕುಂದು ತಾರದಂತೆ ಇಂದಿನ ಅಗತ್ಯಗಳನ್ನು ಪೂರೈಸುವುದೇ ಸುಸ್ಥಿರ ಅಭಿವೃದ್ಧಿಯೆಂದು ಜಗತ್ತಿಗೆ ತಿಳಿಸಿತು. ನಮ್ಮ ದೇಶದಲ್ಲಿ ಎಂ. ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 1991ರ ನವೆಂಬರ್ 22ರಂದು, ಪರಿಸರದ ಶಿಕ್ಷಣವನ್ನು ಕಡ್ಡಾಯವಾಗಿ ಕಲಿಸಬೇಕೆಂದು ನಿರ್ದೇಶಿಸಿತು. ಅಲ್ಲಿಂದ ಅದು ಮೆಲ್ಲಮೆಲ್ಲನೆ ಎಂಜಿನಿಯರಿಂಗ್ ಕಾಲೇಜುಗಳ ಪಠ್ಯಕ್ರಮವನ್ನೂ ಹೊಕ್ಕಿತು.

ಹೇಗೆ ಹೊಕ್ಕಿತೆಂಬುದನ್ನು ನೋಡಬೇಕು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಪಠ್ಯಕ್ರಮದಲ್ಲಿ ಬಿ.ಇ. ಪದವಿಗೆ ಒಟ್ಟು 175 ಕ್ರೆಡಿಟ್ಟುಗಳು. ಪರಿಸರ ಅಧ್ಯಯನಕ್ಕೆ ಅದರಲ್ಲಿ ಒಂದೇ ಒಂದು. 2021ರ ಪಠ್ಯಕ್ರಮದಲ್ಲಿ ‘ಸಾಮಾಜಿಕ ಸಂಪರ್ಕ ಮತ್ತು ಹೊಣೆ’ ಎಂಬ ವಿಷಯ ಬಂದಿತು. ಗಿಡ ನೆಟ್ಟು ಸಾಕುವುದು, ಪರಂಪರೆಯ ತಾಣಗಳಲ್ಲಿ ನಡೆದಾಡಿ ನೋಡುವುದು, ಸಾವಯವ ಕೃಷಿ, ಕಸದ ವಿಲೇವಾರಿ, ನೀರಿನ ಉಳಿತಾಯ ಇವೆಲ್ಲ ಅದರಲ್ಲಿವೆ. ಒಳ್ಳೆಯ ಹೆಜ್ಜೆಯೇ. ಆದರೂ ನಮ್ಮ ಹುಡುಗಿ ಬಸ್ಸಿನಲ್ಲಿ ಹೇಳಿದ ಮಾತು ಮನಸ್ಸಿನಲ್ಲಿ ಉಳಿಯಿತು.

“ಕಾಕಾ, ಪರಿಸರದ ಪೇಪರಿನಾಗ ನೀರು ಉಳಿಸ್ರಿ ಅಂತ ಬರೀತೀವಿ. ಮರುದಿನ ಡಿಸೈನ್ ಪೇಪರಿನಾಗ ಆ ಮಾತಿಗೆ ಜಾಗಾನ ಇರೂದಿಲ್ಲ. ಎರಡೂ ಬ್ಯಾರೆ ಬ್ಯಾರೆ ನೋಟುಬುಕ್ಕು.”

ಈ ಎರಡು ನೋಟುಬುಕ್ಕುಗಳು ಒಂದಾಗುವುದು ಹೇಗೆ? ಕುಳಗೇರಿ ಕ್ರಾಸಿನಿಂದ ಹೊರಡುವ ಮೂರು ದಾರಿಗಳು ಇದಕ್ಕೆ ಮೂರು ಬಗೆಯ ಉತ್ತರ ಕೊಡುತ್ತವೆ ಎಂಬುದು ನಮ್ಮ ಆ ದಿನದ ಅನುಭವ.

ಮೊದಲನೆಯದು ನಾವು ಬಂದ ತೆಂಕಣ ದಾರಿ. ಕ್ರಾಸಿನಲ್ಲಿ ನಿಂತು ಹಿಂದಿರುಗಿ ನೋಡಿದರೆ ನರಗುಂದ, ನವಲಗುಂದಗಳ ಎರೆಭೂಮಿ; ಕಡಲೆ, ಹತ್ತಿ, ಬಿಳಿಜೋಳಗಳ ಸೀಮೆ. ಬಾದಾಮಿಯ ಕಡೆಗೆ ನಡೆದರೆ ಎರೆ ಹಿಂದೆ ಸರಿದು, ಮಸಾರಿಯೂ ಮಡ್ಡಿಯೂ ಕೆಂಗಲ್ಲಿನ ಗುಡ್ಡಗಳೂ ಮೊದಲಾಗುತ್ತವೆ. ಎರಡು ಬಗೆಯ ನೆಲ ಇಷ್ಟು ಹತ್ತಿರ ಹತ್ತಿರ ಕಾಣಸಿಗುವುದು ಎಂಜಿನಿಯರಿಂಗ್ ಓದುವವರಿಗೆ ಭಾಗ್ಯವೇ ಸರಿ.

ಅಣ್ಣನವರ ಜಾಗ ಎರೆಯ ಮೇಲಿತ್ತು. ಪಕ್ಕದ ಹೊಲದ ಹಿರಿಯರೊಬ್ಬರು ಬಂದು, ಹುಡುಗಿ ಟೇಪು ಹಿಡಿದು ಅಳೆಯುವುದನ್ನು ನೋಡುತ್ತ ನಿಂತರು. ಅವಳು ನೆಲದ ಗುಣವನ್ನು ಕೇಳಿದಾಗ ಅವರು ಹೇಳಿದರು:

“ಎರಿ ನೆಲ ಉಸಿರಾಡತೈತಿ ತಂಗಿ. ಬ್ಯಾಸಗ್ಯಾಗ ಕಾಲು ಇಳಿಯುವಷ್ಟು ಬಾಯಿ ಬಿಡತೈತಿ, ಮಳಿ ಆದ್ರ ಉಬ್ಬತೈತಿ. ಅದರ ಮ್ಯಾಲ ಗ್ವಾಡಿ ಕಟ್ಟಿದ್ರ ಗ್ವಾಡಿಗೆ ಉಸಿರಾಡಾಕ ಬರೂದಿಲ್ಲ, ಒಡೀತೈತಿ. ನಮ್ಮ ಅಜ್ಜಾರು ಪಾಯಾದಾಗ ಗರಸು ಹಾಕಿ, ನೀರು ಹೊಡದು, ದಿಮ್ಮಸು ಬಡಸ್ತಿದ್ರು.”

ಈ ಗರಸಿನ ಮಾತಿಗೆ ಒಂದು ದೊಡ್ಡ ಕಥೆಯಿದೆ. ಮಲಪ್ರಭಾ ಯೋಜನೆಯ ಕಾಲುವೆಗಳನ್ನು ಇದೇ ಎರೆಭೂಮಿಯಲ್ಲಿ ತೋಡಿದಾಗ, ಒಳಮೈಗೆ ಹಾಸಿದ ಕಾಂಕ್ರೀಟು ನೆಲ ಉಬ್ಬಿ ಒಡೆಯುವುದು ಕಠಿಣ ಸಮಸ್ಯೆಯಾಯಿತು. ಮುಂಬಯಿಯ ಐ.ಐ.ಟಿ.ಯ ಪ್ರಾಧ್ಯಾಪಕ ಆರ್. ಕೆ. ಕಟ್ಟಿ ಅವರು ಎರೆಯನ್ನು ವರ್ಷಗಟ್ಟಲೆ ಪರೀಕ್ಷಿಸಿ ಒಂದು ಸೋಜಿಗವನ್ನು ಕಂಡರು. ಮೇಲಿನ ಸುಮಾರು ಒಂದು ಮೀಟರಿನಷ್ಟು ಎರೆ ಉಬ್ಬುತ್ತದೆ, ಕುಗ್ಗುತ್ತದೆ. ಅದರ ಕೆಳಗಿನ ಎರೆ ನೀರು ಕುಡಿದರೂ ಅಲುಗದೆ ಉಳಿಯುತ್ತದೆ. ಮೇಲಿನ ಪದರವು ಕೆಳಗಿನದನ್ನು ಹಿಡಿದಿಡುತ್ತದೆ. ಹಾಗಾದರೆ ಕಾಂಕ್ರೀಟಿನ ಕೆಳಗೆ, ತಾನು ಉಬ್ಬದ ಆದರೆ ಅಂಟುಗುಣವುಳ್ಳ ಗರಸಿನಂಥ ಮಣ್ಣನ್ನು ಅಷ್ಟೇ ದಪ್ಪಕ್ಕೆ ಹಾಸಿದರೆ ಎರೆಯೂ ಅಲುಗದು, ಕಾಂಕ್ರೀಟೂ ಒಡೆಯದು. ಈ ವಿಧಾನವು ಮಲಪ್ರಭೆಯ ಕಾಲುವೆಗಳಲ್ಲಿ ಬಳಕೆಗೆ ಬಂದಿತು. ಕಪ್ಪುಮಣ್ಣಿನ ಸಮಸ್ಯೆಗಳ ಪರಿಹಾರವನ್ನೇ ವಿಷಯವಾಗಿಟ್ಟುಕೊಂಡು ಕಟ್ಟಿಯವರು 1978ರಲ್ಲಿ ಭಾರತೀಯ ಭೂತಾಂತ್ರಿಕ ಸಂಘದ ಮೊದಲನೆಯ ವಾರ್ಷಿಕ ಉಪನ್ಯಾಸವನ್ನು ಮಾಡಿದರು.

ಹಿರಿಯರ ಗರಸು ಮತ್ತು ಪ್ರಾಧ್ಯಾಪಕರ ಗರಸು ಒಂದೇ ಎಂದು ನಾವು ಹೇಳುವುದಿಲ್ಲ. ಒಂದು ರೂಢಿಯಿಂದ ಬಂದದ್ದು. ಇನ್ನೊಂದು ಅಳೆದು, ತೂಗಿ, ಕಾರಣವನ್ನು ತಿಳಿದು ಬಂದದ್ದು. ಆದರೆ ಎರಡೂ ಹತ್ತಿರದಲ್ಲಿ ಸಿಗುವ ಮಣ್ಣಿನಿಂದಲೇ, ಕಡಿಮೆ ಖರ್ಚಿನಲ್ಲಿ, ಬಹುಕಾಲ ಬಾಳುವ ಕೆಲಸವನ್ನು ಮಾಡುತ್ತವೆ. ಒಡೆದ ಗೋಡೆಯನ್ನು ಹತ್ತು ವರ್ಷಕ್ಕೊಮ್ಮೆ ಕೆಡವಿ ಕಟ್ಟುವುದಕ್ಕಿಂತ ದೊಡ್ಡ ಪೋಲು ಯಾವುದಿದೆ? ಮಣ್ಣಿನ ಶಾಸ್ತ್ರದ ತರಗತಿಯಲ್ಲಿ ಕಟ್ಟಿಯವರ ಗರಸಿನ ಪದರವನ್ನು ಕಲಿಸುವಾಗಲೇ ಸುಸ್ಥಿರತೆಯನ್ನು ಕಲಿಸಿದಂತಾಯಿತು. ಅದಕ್ಕೆ ಬೇರೆ ಪೇಪರು ಬೇಕಿಲ್ಲ.

ಅದೇ ದಾರಿಯಲ್ಲಿ ಇನ್ನೂ ಎರಡು ಪಾಠಗಳಿವೆ, ಇವು ಕಹಿಯಾದವು. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಕಟ್ಟಿದ ಅಣೆಕಟ್ಟಿನಿಂದ ಈ ಸೀಮೆಗೆ ನೀರು ಬಂದಾಗ ಜನರ ಸಂತೋಷಕ್ಕೆ ಪಾರವಿರಲಿಲ್ಲ. ಆದರೆ ನೀರನ್ನು ತರುವ ಕಾಲುವೆಗೆ ಸಿಕ್ಕ ಗಮನ, ಹೆಚ್ಚಾದ ನೀರನ್ನು ಹೊರಗೆ ಹಾಕುವ ಬಸಿಗಾಲುವೆಗೆ ಸಿಗಲಿಲ್ಲ. ಎರೆಭೂಮಿ ನೀರನ್ನು ಬೇಗ ಬಸಿಯಗೊಡುವುದಿಲ್ಲ. ನೀರು ನಿಂತ ಕಡೆ ಅಡಿಯ ಉಪ್ಪು ಮೇಲಕ್ಕೆ ಬಂದು, ಫಲವತ್ತಾದ ಹೊಲಗಳು ಸವಳು-ಜವಳಾದವು. ಇತ್ತ ಕಾಲುವೆಯ ಕೊನೆಯ ಹೊಲಗಳಿಗೆ ನೀರೇ ಮುಟ್ಟಲಿಲ್ಲ. ಹೀಗಿದ್ದೂ ಅಭಿವೃದ್ಧಿ ಕರವನ್ನು ಎಲ್ಲರಿಂದಲೂ ಕೇಳಿದಾಗ ರೈತರು ಎದ್ದುನಿಂತರು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ನಡೆದ ಬಂಡಾಯ ಮತ್ತು ಗೋಲೀಬಾರು ಈ ನಾಡಿನ ರೈತ ಚಳವಳಿಯ ದಾರಿಯನ್ನೇ ಬದಲಿಸಿತು. ಪ್ರತಿ ವರ್ಷ ಆ ದಿನ ಹುತಾತ್ಮರ ನೆನಪಿಗೆ ಜನ ಸೇರುತ್ತಾರೆ.

ಇದು ರಾಜಕೀಯದ ಕಥೆ, ಎಂಜಿನಿಯರನಿಗೇಕೆ ಎಂದು ಕೇಳಬಹುದು. ಕಾಲುವೆಯ ನಕ್ಷೆಯಲ್ಲಿ ಕೊನೆಯ ಹೊಲದ ನೀರು ಎಷ್ಟೆಂದು ಬರೆಯುವವನು ಎಂಜಿನಿಯರನೇ. ಕಾಗದದ ಮೇಲಿನ ನೀರು ಹೊಲಕ್ಕೆ ಬಾರದಿದ್ದರೆ ಅದರ ಬೆಲೆಯನ್ನು ತೆರುವವನು ರೈತ. 1980ರ ದಶಕದಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆಯು ಎಂಜಿನಿಯರರನ್ನೂ ರೈತರನ್ನೂ ಜೊತೆಗೆ ಕೂರಿಸಿ ತರಬೇತಿ ಕೊಡಲು ಮುಂದಾದದ್ದು ಈ ಕಾರಣಕ್ಕಾಗಿಯೇ.

ಎರಡನೆಯ ಕಹಿಪಾಠ ಕೊಣ್ಣೂರಿನ ಹೊಳೆಯದು. ಬೇಸಗೆಯಲ್ಲಿ ಮಲಪ್ರಭೆ ಹಳ್ಳದಂತೆ ಬತ್ತಿರುತ್ತಾಳೆ. 2019ರ ಆಗಸ್ಟಿನಲ್ಲಿ ನವಿಲುತೀರ್ಥದಿಂದ ನೀರು ಬಿಟ್ಟಾಗ ಅದೇ ಹೊಳೆ ಹೆದ್ದಾರಿಯನ್ನು ಮುಚ್ಚಿತು, ಸಂಚಾರ ಕಡಿದುಹೋಯಿತು, ಬಾದಾಮಿ, ನರಗುಂದ, ರೋಣ ತಾಲೂಕುಗಳ ದಂಡೆಯ ಹಳ್ಳಿಗಳಿಗೆ ನೀರು ನುಗ್ಗಿತು, ಕೆಳಗೆ ಪಟ್ಟದಕಲ್ಲಿನ ದೇಗುಲಗಳ ಅಂಗಳವೂ ಮುಳುಗಿತು. ಹೆಚ್ಚು ಮಳೆ ಒಂದು ಕಾರಣ. ಬತ್ತಿದ ಹೊಳೆಯ ಪಾತ್ರವನ್ನು ವರ್ಷವರ್ಷಕ್ಕೂ ಒತ್ತಿ ಬಿತ್ತುತ್ತ ಬಂದು, ನೀರು ಹೋಗುವ ದಾರಿ ಕಿರಿದಾದದ್ದು ಇನ್ನೊಂದು ಕಾರಣ. ಸೇತುವೆಯ ಎತ್ತರವನ್ನು ನಿರ್ಧರಿಸುವವನು ನದಿಯ ಹಳೆಯ ಅಂಕಿಗಳನ್ನು ಮಾತ್ರ ನೋಡಿದರೆ ಸಾಲದು; ಮೇಲಿನ ಅಣೆಕಟ್ಟು, ದಂಡೆಯ ಒತ್ತುವರಿ, ಬದಲಾಗುತ್ತಿರುವ ಮಳೆ ಮೂರನ್ನೂ ನೋಡಬೇಕು. ಜಲಶಾಸ್ತ್ರದ ಲೆಕ್ಕದಲ್ಲಿಯೇ ಇದು ಬರಬೇಕಾದದ್ದು.

ಕ್ರಾಸಿಗೆ ಮರಳಿ, ನಾವು ಬಾದಾಮಿಯ ಬಸ್ಸು ಹಿಡಿದೆವು. ಇದು ಎರಡನೆಯ ದಾರಿ. ಒಂದು ಗಂಟೆಯೊಳಗೆ ಕೆಂಗಲ್ಲಿನ ಎರಡು ಗುಡ್ಡಗಳ ನಡುವೆ ಅಗಸ್ತ್ಯತೀರ್ಥ ಕಾಣಿಸಿಕೊಂಡಿತು. 543ರಲ್ಲಿ ಒಂದನೆಯ ಪುಲಕೇಶಿಯು ಇಲ್ಲಿ ಕೋಟೆಯನ್ನು ಕಟ್ಟಿಸಿದನೆಂದು ಬಂಡೆಗಲ್ಲಿನ ಶಾಸನ ಹೇಳುತ್ತದೆ. ಸುತ್ತಲಿನ ಬಂಡೆಗಳ ಮೇಲೆ ಬಿದ್ದ ಮಳೆ ಇಳಿದು ಬಂದು ಈ ಕೆರೆಯಲ್ಲಿ ನಿಲ್ಲುತ್ತದೆ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ರಾಜಧಾನಿಯೊಂದು ಬೆಳೆದದ್ದು, ಗುಡ್ಡವನ್ನೇ ಮಾಳಿಗೆಯನ್ನಾಗಿ ಮಾಡಿಕೊಂಡು ನೀರನ್ನು ಹಿಡಿದುದರಿಂದ.

ಇಲ್ಲಿ ನಮ್ಮ ಹುಡುಗಿ ಕೆರೆಯ ಪಾವಟಿಗೆಯ ಮೇಲೆ ಕುಳಿತು ಲೆಕ್ಕ ಮಾಡತೊಡಗಿದಳು. ಸಾವಿರ ಚದರ ಅಡಿಯ ಮಾಳಿಗೆಯೆಂದರೆ 93 ಚದರ ಮೀಟರು. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆಯೆಂದು ಹಿಡಿದರೆ ಅದರ ಮೇಲೆ ಬೀಳುವ ನೀರು 51 ಸಾವಿರ ಲೀಟರು. ಐದರಲ್ಲಿ ಒಂದು ಪಾಲು ಪೋಲಾದರೂ 40 ಸಾವಿರ ಲೀಟರು ಉಳಿಯುತ್ತದೆ. ಐದು ಜನರ ಮನೆಗೆ ಕುಡಿಯಲು, ಅಡಿಗೆಗೆ ದಿನಕ್ಕೆ 50 ಲೀಟರೆಂದರೆ ವರ್ಷಕ್ಕೆ 18 ಸಾವಿರದ ಚಿಲ್ಲರೆ. ಅಂದರೆ ಒಂದು ಮನೆಯ ಮಾಳಿಗೆಯ ಮಳೆ ಎರಡು ಮನೆಗಳ ಬಾಯಾರಿಕೆಯನ್ನು ವರ್ಷವಿಡೀ ತಣಿಸಬಲ್ಲದು. ಕೊಡ ಹೊತ್ತು ನೀರಿನ ಸರದಿಯಲ್ಲಿ ನಿಂತು ಬೇಸತ್ತ ನಮ್ಮ ತಾಯಂದಿರಿಗೆ ಈ ಲೆಕ್ಕದ ಬೆಲೆಯನ್ನು ಬೇರೆ ಹೇಳಬೇಕಿಲ್ಲ.

ಬಾದಾಮಿಯಿಂದ ಪಟ್ಟದಕಲ್ಲಿಗೆ ಹೋದೆವು. ಬ್ರುಂಟ್‌ಲಾಂಡ್ ವರದಿ ಬಂದ 1987ರಲ್ಲಿಯೇ ಈ ದೇಗುಲಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಎಂಟನೆಯ ಶತಮಾನದಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ಅದೇ ಸೀಮೆಯ ಕಲ್ಲು. ಗಾರೆಯ ನೆರವಿಲ್ಲದೆ ತೂಕ ಮತ್ತು ಜೋಡಣೆಯ ಬಲದಿಂದ ನಿಂತ ಗೋಡೆಗಳು. ಕಟ್ಟಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿಯ ಹೆಸರು ಅಲ್ಲಿನ ಶಾಸನದಲ್ಲಿದೆ. ಹುಡುಗಿ ಆ ಹೆಸರಿನ ವಿಷಯ ಕೇಳಿ, “ಈಗ ಕಟ್ಟಿದ ಸೇತುವೆ ಮ್ಯಾಲ ಎಂಜಿನಿಯರನ ಹೆಸರು ಕೆತ್ತಿಸಿದ್ರ ಹ್ಯಾಂಗ ಇರತೈತಿ ಕಾಕಾ?” ಎಂದಳು. ನಕ್ಕು ಹೇಳಿದ ಮಾತಾದರೂ ಅದರಲ್ಲಿ ನಿಜವಿದೆ. ಉದ್ಘಾಟಿಸಿದವರ ಹೆಸರು ಕಲ್ಲಿನ ಮೇಲಿರುತ್ತದೆ. ಕಟ್ಟಿದವರ ಹೆಸರು ಕಡತದಲ್ಲಿರುತ್ತದೆ.

ಹಾಗೆಂದು ಎಲ್ಲರೂ ಕಲ್ಲಿನ ಮನೆಗಳನ್ನೇ ಕಟ್ಟಬೇಕೆಂದು ನಾವು ಹೇಳಹೊರಟಿಲ್ಲ. ಇಂದಿನ ಜನಸಂಖ್ಯೆಗೆಲ್ಲ ಕಲ್ಲು ಕೀಳಲು ಹೊರಟರೆ ಈ ಗುಡ್ಡಗಳೇ ಉಳಿಯಲಾರವು. ಹಳೆಯದೆಲ್ಲ ಒಳ್ಳೆಯದೆಂಬ ಹಂಬಲವೂ ಒಂದು ಬಗೆಯ ಸೋಮಾರಿತನವೇ. ಯಾವ ಸಾಮಗ್ರಿ ಎಲ್ಲಿಂದ ಬಂತು, ಎಷ್ಟು ಇಂಧನ ನುಂಗಿತು, ಎಷ್ಟು ವರ್ಷ ಬಾಳುತ್ತದೆ, ಕೆಡವಿದ ಮೇಲೆ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ ಆರಿಸುವುದೇ ಜಾಣತನ.

ಆ ಲೆಕ್ಕವನ್ನು ಕಲಿಸುವುದು ಮೂರನೆಯ ದಾರಿ, ಕೆರೂರಿನ ಮೇಲೆ ಬಾಗಲಕೋಟೆಗೆ ಹೋಗುವುದು. ಬಾಗಲಕೋಟೆಯಲ್ಲಿ 1906ರಲ್ಲಿ ಸ್ಥಾಪಿತವಾದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು 1963ರಲ್ಲಿ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜನ್ನು ಆರಂಭಿಸಿತು. ಎತ್ತಿನ ಬಂಡಿಯ ಮನೆಗಳಿಂದ ಬಂದ ಎಷ್ಟೋ ಹುಡುಗರು ಅಲ್ಲಿಂದ ಎಂಜಿನಿಯರರಾಗಿ ಹೊರಬಂದರು. ಇದೇ ಬಾಗಲಕೋಟೆಯ ತಗ್ಗಿನ ಭಾಗ ಆಲಮಟ್ಟಿಯ ಹಿನ್ನೀರಿಗೆ ಸಿಕ್ಕು, ಜನ ನವನಗರಕ್ಕೆ ಏಳಬೇಕಾಯಿತು. ಅಣೆಕಟ್ಟು ದೂರದ ಹೊಲಕ್ಕೆ ನೀರು ಕೊಡುತ್ತದೆ, ಹತ್ತಿರದ ಮನೆಯನ್ನು ಮುಳುಗಿಸುತ್ತದೆ. ಈ ಊರಿನಲ್ಲಿ ಎಂಜಿನಿಯರಿಂಗ್ ಓದುವವರಿಗೆ ಇದನ್ನು ಪುಸ್ತಕದಲ್ಲಿ ಹುಡುಕುವ ಅಗತ್ಯವಿಲ್ಲ.

ಬಾಗಲಕೋಟೆ ಜಿಲ್ಲೆ ಸುಣ್ಣಕಲ್ಲಿನ ಸೀಮೆಯೂ ಹೌದು. ಸಿಮೆಂಟಿನ ಕಾರ್ಖಾನೆಗಳೂ ಇಲ್ಲಿವೆ. ಸಾವಿರ ಕಿಲೋ ಶುದ್ಧ ಸುಣ್ಣಕಲ್ಲನ್ನು ಸುಟ್ಟರೆ 560 ಕಿಲೋ ಸುಣ್ಣ ಉಳಿದು 440 ಕಿಲೋ ಇಂಗಾಲಾಮ್ಲ ಅನಿಲವು ಗಾಳಿಗೆ ಸೇರುತ್ತದೆ. ಇದಕ್ಕೆ ಕುಲುಮೆಯ ಕಲ್ಲಿದ್ದಲನ್ನೂ ಕೂಡಿಸಿದರೆ ಸಾದಾ ಸಿಮೆಂಟಿನ 50 ಕಿಲೋದ ಒಂದು ಚೀಲಕ್ಕೆ ಸುಮಾರು 40 ಕಿಲೋ ಅನಿಲ. ಸಾವಿರ ಚದರ ಅಡಿಯ ಕಾಂಕ್ರೀಟು ಮನೆಗೆ ಮೇಸ್ತ್ರಿಗಳ ಅಂದಾಜಿನಲ್ಲಿ 400 ಚೀಲವೆಂದರೆ 16 ಟನ್ನು. ಉಷ್ಣ ವಿದ್ಯುತ್ ಕೇಂದ್ರಗಳ ಹಾರುಬೂದಿಯನ್ನು ಬೆರೆಸಿದ ಸಿಮೆಂಟನ್ನು ಬಳಸಿದರೆ ಇದರಲ್ಲಿ ಸುಮಾರು ಕಾಲುಭಾಗವನ್ನು ಕಡಿಮೆ ಮಾಡಬಹುದು. ಅಂಥ ಸಿಮೆಂಟು ನಮ್ಮ ಅಂಗಡಿಗಳಲ್ಲಿ ಸಿಗುತ್ತದೆ. ಕ್ಯೂರಿಂಗ್ ಮಾತ್ರ ಹೆಚ್ಚು ದಿನ ಎಚ್ಚರದಿಂದ ಮಾಡಬೇಕು. ಜಗತ್ತು ಹೊರಬಿಡುವ ಇಂಗಾಲಾಮ್ಲದಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನದು. ಕಾಂಕ್ರೀಟು ವಿನ್ಯಾಸದ ಪ್ರತಿ ಉದಾಹರಣೆಯ ಕೊನೆಗೆ, ಬಲ ಎಷ್ಟು, ಖರ್ಚು ಎಷ್ಟು ಎಂಬುದರ ಜೊತೆಗೆ, ಅನಿಲ ಎಷ್ಟು ಎಂಬ ಮೂರನೆಯ ಸಾಲನ್ನು ಬರೆಯಿಸಿದರೆ ವಿದ್ಯಾರ್ಥಿಯ ಎರಡು ನೋಟುಬುಕ್ಕುಗಳು ತಾವಾಗಿಯೇ ಒಂದಾಗುತ್ತವೆ.

ಇದು ಆಗದ ಮಾತೇನಲ್ಲ. ಇದಕ್ಕೆ ನಮ್ಮ ರಾಜ್ಯದಲ್ಲಿಯೇ ಮೇಲ್ಪಂಕ್ತಿಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ಕೆ. ಎನ್. ರೆಡ್ಡಿಯವರು 1974ರಲ್ಲಿ ‘ಅಸ್ತ್ರ’ ಎಂಬ ಹೆಸರಿನ ಕೇಂದ್ರವನ್ನು ಕಟ್ಟಿದರು. ಅದೇ ಇಂದಿನ ಸುಸ್ಥಿರ ತಂತ್ರಜ್ಞಾನಗಳ ಕೇಂದ್ರ. ವಿಜ್ಞಾನಿಗಳು ತುಮಕೂರು ಜಿಲ್ಲೆ ಕುಣಿಗಲ್ ತಾಲೂಕಿನ ಉಂಗ್ರ ಗ್ರಾಮಕ್ಕೆ ಹೋಗಿ ಕೆಲಸ ಮಾಡಿದರು. ಕಟ್ಟಿಗೆಯನ್ನೂ ಹೊಗೆಯನ್ನೂ ಕಡಿಮೆ ಮಾಡುವ ಅಸ್ತ್ರ ಒಲೆ ಅಲ್ಲಿಂದ ಬಂದು ನಾಡಿನ ಎಷ್ಟೋ ಅಡಿಗೆಮನೆಗಳನ್ನು ಸೇರಿತು. ಪ್ರೊ. ಕೆ. ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿಗೆ ಸ್ವಲ್ಪವೇ ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆಯೇ ಇಟ್ಟಿಗೆ ಮಾಡುವ ವಿಧಾನವನ್ನು ಬೆಳೆಸಿದರು. ಪರ್ಯಾಯ ಕಟ್ಟಡ ಸಾಮಗ್ರಿಗಳ ಮೇಲೆ ಅವರು ಬಿ. ವಿ. ವೆಂಕಟರಾಮ ರೆಡ್ಡಿ, ಕೆ. ಎಸ್. ನಂಜುಂಡರಾವ್ ಅವರೊಡನೆ ಬರೆದ ಪುಸ್ತಕ 2007ರಲ್ಲಿ ಹೊರಬಂದಿತು. ಈ ವಿಷಯವು ವಿಶ್ವೇಶ್ವರಯ್ಯ ವಿಶ್ವವಿದ್ಯಾಲಯದ ಸಿವಿಲ್ ವಿಭಾಗದಲ್ಲಿ ಐಚ್ಛಿಕವಾಗಿಯೂ ಬಂದಿತು.

ಆ ಕೇಂದ್ರದ ಇನ್ನೊಂದು ಪ್ರಯೋಗವನ್ನು ನಮ್ಮ ಓದುಗರು ತಿಳಿಯಬೇಕು. ಉಂಗ್ರದ ಬಳಿಯ ಪುರ ಎಂಬ ಹಳ್ಳಿಯಲ್ಲಿ ಎಲ್ಲ ಮನೆಗಳ ಸಗಣಿಯನ್ನು ಕೂಡಿಸಿ ಅಡಿಗೆಗೆ ಅನಿಲ ಕೊಡಲು ಸ್ಥಾವರವನ್ನು ಕಟ್ಟಿದರು. ಅನಿಲ ಎಲ್ಲರಿಗೂ ಸಾಲಲಿಲ್ಲ, ಯೋಜನೆ ಸೋತಿತು. ಆಗ ಅವರು ಜನರನ್ನು ಕೇಳಿದರು. ನಮಗೆ ಮೊದಲು ಬೇಕಾದದ್ದು ಕುಡಿಯುವ ನೀರು ಎಂದು ಹಳ್ಳಿಯವರು ಹೇಳಿದರು. ಅದೇ ಅನಿಲದಿಂದ ಎಂಜಿನನ್ನು ನಡೆಸಿ, 1987ರಿಂದ ಮನೆಮನೆಗೆ ನೀರನ್ನೂ ದೀಪವನ್ನೂ ಕೊಟ್ಟರು. ಯಂತ್ರ ಬಹುಮಟ್ಟಿಗೆ ಹಳೆಯದೇ. ಕೇಳಿದ ಪ್ರಶ್ನೆ ಹೊಸದು. ಬಳಸುವವರನ್ನು ಮೊದಲು ಕೇಳುವುದೂ ಎಂಜಿನಿಯರಿಂಗಿನ ಭಾಗವೆಂದು ಇದಕ್ಕಿಂತ ಚೆನ್ನಾಗಿ ಯಾವ ಉಪನ್ಯಾಸ ಹೇಳೀತು?

ಸಂಜೆ ಊರಿಗೆ ಮರಳಿ, ಅಣ್ಣನವರ ಮುಂದೆ ಹುಡುಗಿ ತನ್ನ ಲೆಕ್ಕಗಳನ್ನೆಲ್ಲ ಹರಡಿದಳು. ಪಾಯಾದಲ್ಲಿ ಗರಸಿನ ಪದರ, ಮಾಳಿಗೆಯ ನೀರಿಗೆ ಅಂಗಳದಲ್ಲಿ ಟಾಕಿ, ಹಾರುಬೂದಿಯ ಸಿಮೆಂಟು, ಒಳಗೋಡೆಗಳಿಗೆ ಸುಡದ ಮಣ್ಣಿನ ಇಟ್ಟಿಗೆ. ಗುತ್ತೇದಾರರೂ ಅಲ್ಲಿದ್ದರು. ಗರಸಿಗೆ ಅವರು ಕೂಡಲೆ ಒಪ್ಪಿದರು. ಟಾಕಿಗೆ ಖರ್ಚು ಹೆಚ್ಚಾಗುತ್ತದೆಂದರು. ಮಣ್ಣಿನ ಇಟ್ಟಿಗೆಯ ಮಾತು ಬಂದಾಗ ಮಾತ್ರ, “ಕಲಿತ ಮಗಳನ್ನ ಇಟಗೊಂಡು ಮಣ್ಣಿನ ಮನಿ ಕಟ್ಟಿಸಿದ್ರು ಅಂತ ಜನ ಆಡಕೋತಾರ್ರಿ ಗೌಡ್ರ” ಎಂದರು. ಅಣ್ಣನವರು ಸುಮ್ಮನೆ ಕುಳಿತರು. ಊರಿನ ಮಾತಿನ ಭಯ ಎಂಥವರನ್ನೂ ಕಟ್ಟಿಹಾಕುತ್ತದೆ.

ಹುಡುಗಿ ಆಮೇಲೆ ಅಂಗಳಕ್ಕೆ ಬಂದು ನಮ್ಮನ್ನು ಕೇಳಿದಳು: “ಪರೀಕ್ಷಾದಾಗ ಬರದ್ರ ಮಾರ್ಕ್ಸ್ ಇಲ್ಲ. ನಾಳೆ ಕಂಪನ್ಯಾಗ ಹೇಳಿದ್ರ ಸಾಹೇಬರು ಕೇಳೂದಿಲ್ಲ. ಮನ್ಯಾಗೂ ಕೇಳೂದಿಲ್ಲಂದ್ರ ನಾ ಇದನ್ನ ಯಾಕ ಕಲೀಬೇಕು ಕಾಕಾ?”

ಈ ಪ್ರಶ್ನೆ ನಮಗೆ ಮಾತ್ರ ಕೇಳಿದ್ದೆಂದು ನಾವು ತಿಳಿಯುವುದಿಲ್ಲ. ಎಂಜಿನಿಯರಿಂಗ್ ಓದುವ ಮಕ್ಕಳುಳ್ಳ ಎಲ್ಲ ಮನೆತನಗಳಿಗೂ ಇದು ಸಲ್ಲುತ್ತದೆ. ಪಠ್ಯಕ್ರಮವನ್ನು ವಿಶ್ವವಿದ್ಯಾಲಯ ಬದಲಿಸಬಹುದು, ಪ್ರತಿ ವಿಷಯದಲ್ಲಿಯೂ ಸುಸ್ಥಿರತೆಯ ಲೆಕ್ಕವನ್ನು ಸೇರಿಸಬಹುದು, ಸೇರಿಸಲೇಬೇಕು. ಆದರೆ ಕಾಲೇಜಿನಲ್ಲಿ ಕಲಿತದ್ದನ್ನು ಮೊದಲು ಕೇಳಿಸಿಕೊಳ್ಳಬೇಕಾದವರು ಮನೆಯವರು. ನಾವು ಲಕ್ಷಗಟ್ಟಲೆ ಹಣ ತೆತ್ತು ಮಕ್ಕಳನ್ನು ಓದಿಸುತ್ತೇವೆ. ಸಂಬಳ ಎಷ್ಟು ಬರುತ್ತದೆಂದು ಕೇಳುತ್ತೇವೆ. ಏನು ಕಲಿತೆ, ಅದರಿಂದ ನಮ್ಮ ಹೊಲಕ್ಕೆ, ಮನೆಗೆ, ಹೊಳೆಗೆ ಏನಾಗುತ್ತದೆ ಎಂದು ಕೇಳುವವರು ಎಷ್ಟು ಜನ? ಕಾಲೇಜು ಸೇರಿಸಲು ಹೋದಾಗ ಹಾಸ್ಟೆಲು, ಪ್ಲೇಸ್‌ಮೆಂಟುಗಳನ್ನು ವಿಚಾರಿಸುವ ನಾವು, ವಿದ್ಯಾರ್ಥಿಗಳನ್ನು ಹೊಲಕ್ಕೆ, ಕಾಲುವೆಗೆ, ಕೆರೆಗೆ ಕರೆದೊಯ್ದು ಕಲಿಸುತ್ತೀರಾ ಎಂಬ ಒಂದು ಪ್ರಶ್ನೆಯನ್ನೂ ಸೇರಿಸಿಕೊಳ್ಳಬಹುದು. ಹತ್ತು ಜನ ಪಾಲಕರು ಕೇಳಿದರೆ ಹನ್ನೊಂದನೆಯವರು ಬರುವ ಹೊತ್ತಿಗೆ ಕಾಲೇಜಿನಲ್ಲಿ ಅದಕ್ಕೊಂದು ಉತ್ತರ ಸಿದ್ಧವಿರುತ್ತದೆ.

ಅಣ್ಣನವರ ಮನೆಯಲ್ಲಿ ಮಣ್ಣಿನ ಇಟ್ಟಿಗೆ ಬರಲಿಲ್ಲ. ಗರಸು ಬಂತು, ಹಾರುಬೂದಿಯ ಸಿಮೆಂಟು ಬಂತು, ಟಾಕಿಗೆ ಅತ್ತಿಗೆಯವರೇ ಹಟ ಹಿಡಿದು, ಮುಂಬಾಗಿಲಿನ ತೇಗದ ಕೆತ್ತನೆಯನ್ನು ಬಿಡಿಸಿ, ಆ ಹಣವನ್ನು ಕೊಡಿಸಿದರು. ಟಾಕಿಯ ಅಳತೆಯನ್ನು ಮಗಳೇ ಗುರುತು ಹಾಕಿಕೊಟ್ಟಳು. ನಾಲ್ಕು ಮಾತಿನಲ್ಲಿ ಮೂರು ನಡೆದವು. ಅವಳ ವರದಿಗೆ ಕಾಲೇಜಿನಲ್ಲಿ ಎಷ್ಟು ಅಂಕ ಬಂತೆಂದು ನಾವು ಕೇಳಿಲ್ಲ. ಟಾಕಿಯಲ್ಲಿ ಮೊದಲ ಮಳೆಗೆ ಎಷ್ಟು ನೀರು ನಿಂತಿತೆಂದು ಅಳೆದು ತಿಳಿಸಬೇಕೆಂದು ಅವಳಿಗೆ ಹೇಳಿಟ್ಟಿದ್ದೇವೆ.